ಜೇನಿನ ಪುಸ್ತಕದ ಅಂಚು

ದ್ರೆನೊವಿತ್ಸ ಎಂಬ ಊರಿನ ಓದುಮನೆಯಿಂದ ಅತಿ ಹೆಚ್ಚು ಜನ ಒಯ್ದ ಪುಸ್ತಕ ಯಾವುದೆಂದು ಪ್ರೊದಾನ್ ಮೇಷ್ಟ್ರು ಮೂರು ದಿನ ಕೂತು ಎಣಿಸಿದರು. ಮೂವತ್ತೆಂಟು ವರ್ಷದ ರಿಜಿಸ್ಟರುಗಳನ್ನು ಮೇಜಿನ ಮೇಲೆ ಪೇರಿಸಿಕೊಂಡು, ಬೆರಳಿಗೆ ಎಂಜಲು ಹಚ್ಚಿ ಹಾಳೆ ತಿರುವಿ, ಕೊನೆಗೆ ಕನ್ನಡಕ ತೆಗೆದಿಟ್ಟು, "ದಾಫಿನಾ, ಇಲ್ಲಿ ಬಾ" ಎಂದು ಕೂಗಿದರು.

ದಾಫಿನಾ ಹಿಂದಿನ ಕೋಣೆಯಲ್ಲಿ ಅಂಟು ಕಾಯಿಸುತ್ತಿದ್ದಳು. ಎಂಟು ತಿಂಗಳು ತುಂಬಿದ ಹೊಟ್ಟೆಯನ್ನು ಕಪಾಟುಗಳ ನಡುವೆ ಅಡ್ಡಡ್ಡ ತೂರಿಸಿಕೊಂಡು ಬಂದಳು.

"ಹೇಳು ನೋಡೋಣ, ನಮ್ಮೂರ ಜನ ಅತಿ ಹೆಚ್ಚು ಓದಿರೋ ಪುಸ್ತಕ ಯಾವ್ದು?"

ಅವಳು ಬೆರಳಿಗೆ ಹತ್ತಿದ ಅಂಟನ್ನು ಒರೆಸಿಕೊಂಡಳು. ಕೇಳಿದ್ದಕ್ಕೆ ತಕ್ಷಣ ಉತ್ತರ ಕೊಡುವ ಅಭ್ಯಾಸ ಅವಳಿಗೆ ಇರಲಿಲ್ಲ.

"ಜೇನು ಸಾಕಣೆ! ಇನ್ನೂರ ಹನ್ನೊಂದು ಸಲ! ಕಾದಂಬರಿ ಅಲ್ಲ, ಪದ್ಯ ಅಲ್ಲ, ಜೇನು! ಇವರಿಗೆಲ್ಲ ಮೂವತ್ತು ವರ್ಷ ಲೆಕ್ಕ ಹೇಳಿಕೊಟ್ಟೆ, ಒಬ್ಬರ ತಲೆಗೂ ಹತ್ತಲಿಲ್ಲ. ಜೇನು ಅಂದ್ರೆ ಮಾತ್ರ ಎಂಥ ಹಸಿವು ನೋಡು!"

"ಊರಲ್ಲಿ ಜೇನು ಸಾಕೋರು ಇಬ್ಬರೇ ಅಲ್ವಾ, ಮೇಷ್ಟ್ರೇ?"

"ಅದೇ ವಿಶೇಷ. ಸಾಕದೇನೇ ಓದ್ತಾರೆ. ಅದಕ್ಕೇ ಜ್ಞಾನದಾಹ ಅನ್ನೋದು."

ಜಿಲ್ಲಾ ಗ್ರಂಥಾಲಯದಿಂದ ಕಾಗದ ಬಂದಿತ್ತು. ನವೆಂಬರ್ ಒಂದರಂದು, ಅಕ್ಷರ ಉಳಿಸಿಕೊಟ್ಟ ಹಿರಿಯರನ್ನು ನೆನೆಯುವ ಹಬ್ಬದ ದಿನ, ಪ್ರತಿ ಊರಿನ ಓದುಮನೆಯೂ ತನ್ನ ಜನರ ಅಚ್ಚುಮೆಚ್ಚಿನ ಒಂದು ಪುಸ್ತಕವನ್ನು ಪ್ರದರ್ಶನಕ್ಕೆ ಕೊಡಬೇಕು. ಅಧಿಕಾರಿಯೊಬ್ಬರು ತಾವೇ ಬಂದು ಒಯ್ಯುತ್ತಾರೆ. ಪುಸ್ತಕ ಶುಚಿಯಾಗಿರಬೇಕು, ಗೀಚು ಗೆರೆ ಇರಕೂಡದು. ಮೇಷ್ಟ್ರು ಆಗಲೇ ಜೇನುಹುಳದ ಶ್ರಮದ ಮೇಲೆ ನಾಲ್ಕು ಪುಟ ಭಾಷಣ ಬರೆದಿಟ್ಟುಕೊಂಡಿದ್ದರು.

"ತಗೋ. ಒರೆಸಿ ಹೊಸದರ ಹಾಗೆ ಮಾಡಿಕೊಡು. ಇನ್ನೂ ಐದು ದಿನ ಇದೆ" ಎಂದು ಪುಸ್ತಕವನ್ನು ಅವಳ ಕೈಗಿಟ್ಟರು.

ಒರೆಸುವುದೆಂದರೆ ರೊಟ್ಟಿಯಿಂದ. ನಿನ್ನೆಯ ಬಿಳಿ ರೊಟ್ಟಿಯ ಒಳಗಿನ ಮೆತ್ತನೆಯ ತಿರುಳನ್ನು ನಾದಿ ಉಂಡೆ ಮಾಡಿ ಕಾಗದದ ಮೇಲೆ ಉರುಳಿಸಿದರೆ, ಪೆನ್ಸಿಲ್ಲಿನ ಕಪ್ಪೆಲ್ಲ ರೊಟ್ಟಿಗೆ ಹತ್ತಿ ಹಾಳೆ ನೋಯದೆ ಬಿಳಿಯಾಗುತ್ತದೆ. ಬೋನ್ಕ ಅಜ್ಜಿ ಕಲಿಸಿದ ವಿದ್ಯೆ ಇದು. ಮೇಷ್ಟ್ರಿಗಿಂತ ಮೊದಲು ಓದುಮನೆ ನೋಡಿಕೊಳ್ಳುತ್ತಿದ್ದವಳು ಆಕೆ. ತಾಯಿಯಿಲ್ಲದೆ ಬೆಳೆದು, ಅಪ್ಪನ ಮನೆ ನಡೆಸಲು ಹದಿನಾಲ್ಕಕ್ಕೇ ಶಾಲೆ ಬಿಟ್ಟ ದಾಫಿನಾಳನ್ನು ಕರೆದು, ಕೈಗೆ ಸೂಜಿ ದಾರ ಕೊಟ್ಟು, ಹರಿದ ಪುಸ್ತಕ ಹೊಲಿಯಲು ಕೂರಿಸಿದವಳು. ಎರಡು ವರ್ಷದ ಹಿಂದೆ ಕಣ್ಣು ಮಂಜಾಗಿ ಮನೆ ಸೇರಿದ್ದಳು. "ಒರೆಸೋಳು ಓದಬಾರ್ದು. ಓದಿದ್ರೆ ಕೈ ನಿಂತುಹೋಗುತ್ತೆ" ಎನ್ನುತ್ತಿದ್ದಳು.

ದಾಫಿನಾ ಓದಲಿಲ್ಲ. ಮೊದಲ ಆರು ಪುಟ ಒರೆಸಿದಳು. ಅಂಚಿನ ತುಂಬ ಇರುವೆ ಸಾಲಿನಂಥ ಸಣ್ಣ ಸಣ್ಣ ಬರಹ. ಬೇರೆ ಬೇರೆ ಕೈಗಳದ್ದು. ಉಂಡೆಗಳು ಒಂದೊಂದಾಗಿ ಬೂದಿ ಬಣ್ಣಕ್ಕೆ ತಿರುಗಿದವು. ರೊಟ್ಟಿಯನ್ನು ಕಸಕ್ಕೆ ಎಸೆಯುವುದು ಪಾಪವಾದ್ದರಿಂದ, ಗುಬ್ಬಿಗಳಿಗೆ ಹಾಕೋಣವೆಂದು ಅವನ್ನು ಕೊಳೆಯಾಗದಂತೆ ಸೊಂಟಕ್ಕೆ ಕಟ್ಟಿಕೊಂಡಿದ್ದ ಮುಂಗವಚದ ಜೇಬಿಗೆ ಹಾಕಿಕೊಂಡಳು.

ಏಳನೇ ಪುಟದಲ್ಲಿ ಒಂದು ಚಿತ್ರವಿತ್ತು. ಜೇನುಗೂಡಿನದ್ದಲ್ಲ. ತಲೆ ನೀಟಾಗಿ ಬಾಚಿಕೊಂಡ ಹೆಂಗಸೊಬ್ಬಳು ಎದೆಗೆ ಕೂಸನ್ನು ಅವುಚಿಕೊಂಡು ನಗುತ್ತಿದ್ದಳು.

ದಾಫಿನಾ ರಟ್ಟು ತಿರುಗಿಸಿ ನೋಡಿದಳು. ಜೇನು ಸಾಕಣೆ. ಒಳಗೆ ನೋಡಿದಳು. ಚೊಚ್ಚಲು ಬಸುರಿಯರಿಗೆ ಬುದ್ಧಿ ಹೇಳುವ ಪುಸ್ತಕ. ಯಾವುದೋ ಕಾಲದಲ್ಲಿ ಯಾರೋ ಜೇನಿನ ಪುಸ್ತಕದ ರಟ್ಟಿಗೆ ಇದನ್ನು ಹೊಲಿದಿದ್ದರು. ಆ ಹೊಲಿಗೆಯ ಗಂಟು ಅವಳಿಗೆ ಚೆನ್ನಾಗಿ ಗೊತ್ತು. ಅವಳೂ ಅದೇ ಗಂಟು ಹಾಕುತ್ತಾಳೆ.

ಚಿತ್ರದ ಕೆಳಗೆ ಅಚ್ಚಾಗಿತ್ತು: ಹಾಲೂಡುವ ಗಳಿಗೆ ತಾಯಿಯ ಬಾಳಿನಲ್ಲೇ ಅತಿ ಸಿಹಿಯಾದದ್ದು.

ಅಂಚಿನಲ್ಲಿ ಪೆನ್ಸಿಲ್: "ಸುಳ್ಳು. ಹತ್ತು ದಿನ ಹಲ್ಲು ಕಚ್ಚಿಕೊಂಡು ಅತ್ತಿದ್ದೇನೆ. ಎಲೆಕೋಸಿನ ಎಲೆ ತಣ್ಣಗೆ ಮಾಡಿ ಎದೆಗೆ ಇಟ್ಟುಕೋ."

ಅದರ ಕೆಳಗೆ ಬೇರೆ ಕೈ: "ಎಲೆಕೋಸು ನಿಜ. ನನಗೂ ಹಿಡಿಯಿತು."

ಅದಕ್ಕೂ ಕೆಳಗೆ, ದುಂಡು ಅಕ್ಷರ: "ಈ ಚಳಿಗಾಲದಲ್ಲಿ ಯಾರ ತೋಟದಿಂದ ತರಲಿ?"

ದಾಫಿನಾಗೆ ನಗು ಬಂದುಬಿಟ್ಟಿತು. ಒಬ್ಬಳೇ ಕೂತು ನಕ್ಕಳು. ಹೊಟ್ಟೆಯೊಳಗಿನದು ಒದೆಯಿತು. ಕೈ ನಿಂತುಹೋಗಿತ್ತು.

ಈ ಏಳೆಂಟು ತಿಂಗಳಲ್ಲಿ ಯಾರೂ ಅವಳಿಗೆ ಒಂದು ನಿಜವಾದ ಮಾತು ಆಡಿರಲಿಲ್ಲ. ಬಸುರಿಯ ಎದುರು ಕೆಟ್ಟದ್ದನ್ನು ಆಡಬಾರದು, ಆಡಿದ್ದು ಕೂಸಿಗೆ ಅಂಟುತ್ತದೆ. ಹುಟ್ಟುವ ಮೊದಲು ತೊಟ್ಟಿಲು ಕೊಳ್ಳಬಾರದು, ಅಂಗಿ ಹೊಲಿಯಬಾರದು, ಹೆಸರು ಆರಿಸಬಾರದು. ಬೀದಿಯಲ್ಲಿ ಕಂಡವರೆಲ್ಲ "ಎಷ್ಟು ಖುಷಿಯಾಗಿದ್ದೀಯ, ಥೂ ಥೂ ಥೂ, ಕಣ್ಣು ಬೀಳದಿರಲಿ" ಎಂದು ಮೂರು ಸಲ ಉಗಿದು ಹೋಗುತ್ತಿದ್ದರು. ದಾಫಿನಾಗೆ ಖುಷಿಯಾಗಿರಲಿಲ್ಲ. ಭಾರದ ಕುಂಬಳಕಾಯಿಯೊಂದನ್ನು ಯಾರದೋ ಮನೆಗೆ ತಲುಪಿಸಲು ಹೊತ್ತು ಸಾಗುತ್ತಿದ್ದೇನೆ ಎಂದಷ್ಟೇ ಅನಿಸುತ್ತಿತ್ತು. ಎಲ್ಲರ ಎದೆಯಲ್ಲಿ ಉಕ್ಕುವುದು ತನ್ನ ಎದೆಯಲ್ಲಿ ಉಕ್ಕದೇ ಹೋದರೆ? ಕೇಳಲು ಅವಳಿಗೆ ತಾಯಿಯಿರಲಿಲ್ಲ. ಅತ್ತೆ ನೋನಾಳನ್ನು ಕೇಳುವಂತಿರಲಿಲ್ಲ. "ನಮ್ಮ ಮೊಮ್ಚಿಲ್‌ನ ಒಂದು ಕೈಯಲ್ಲಿ ಸಾಕಿದೆ. ದಣಿವು ಅಂದ್ರೆ ಏನೂಂತ ನಂಗೊತ್ತಿಲ್ಲ" ಎಂದು ಆಕೆ ಊರಿಗೆಲ್ಲ ಹೇಳಿಕೊಂಡು ಬಂದವಳು.

ಅವಳು ಓದಿದಳು. ಅಂಟು ಒಲೆಯ ಮೇಲೆ ಸೀದುಹೋದರೂ ಎದ್ದು ಇಳಿಸಲಿಲ್ಲ.

"ಇಪ್ಪತ್ತನೇ ದಿನ ಎಲ್ಲ ಬಿಟ್ಟು ಓಡಿಹೋಗೋಣ ಅನ್ನಿಸಿತು. ಗೇಟಿನ ತನಕ ಹೋದೆ. ವಾಪಸ್ಸು ಬಂದೆ. ಹೋದದ್ದು ದೊಡ್ಡದಲ್ಲ, ಬಂದದ್ದು ದೊಡ್ಡದು."

"ಅತ್ತೆ ಹೇಳಿದ ಹಾಗೆ ಬಿಗಿಯಾಗಿ ಸುತ್ತಬೇಡ. ಕೈಕಾಲು ಆಡಲಿ."

"ನಾನು ಗಂಡ. ಅವಳು ಮಲಗಿದ್ದಾಗ ಕದ್ದು ಓದಿದೆ. ನನಗೂ ಭಯ. ಗಂಡಸರ ಭಯಕ್ಕೆ ಪುಸ್ತಕ ಇಲ್ಲವಾ?"

ಅದರ ಪಕ್ಕ ಯಾರೋ ಹೆಂಗಸು: "ಇದೇ ನಿನ್ನದೂ. ಓದಿಯಾದ ಮೇಲೆ ಬಟ್ಟೆ ಒಗೆ."

ನಲವತ್ತನೇ ಪುಟದಲ್ಲಿ ಅಚ್ಚಾದ ಸಾಲು ಹೀಗಿತ್ತು: ಕೂಸಿನ ಮುಖ ಕಂಡ ಕ್ಷಣವೇ ತಾಯಿಯ ಎದೆ ಪ್ರೀತಿಯಿಂದ ತುಂಬಿ ಬರುತ್ತದೆ.

ಅಂಚಿನಲ್ಲಿ ಪೆನ್ಸಿಲ್ ಒತ್ತಿ ಬರೆದಿತ್ತು: "ನನಗೆ ತುಂಬಲಿಲ್ಲ. ಕಲ್ಲಿನ ಹಾಗೆ ಕೂತಿದ್ದೆ. ಹಾಲು ಕೊಟ್ಟೆ, ಒರೆಸಿದೆ, ಮಲಗಿಸಿದೆ, ಏನೂ ಅನ್ನಿಸಲಿಲ್ಲ. ಪಾಪಿ ಅಂದುಕೊಂಡೆ. ನಲವತ್ತು ದಿನ ಕಳೆದ ಮೇಲೆ ಒಂದು ಬೆಳಗ್ಗೆ ಅವನು ಸೀನಿದ. ಸೀನಿ, ತಾನೇ ಬೆಚ್ಚಿಬಿದ್ದು ನನ್ನ ಮುಖ ನೋಡಿದ. ನಗು ಬಂತು. ಅಲ್ಲಿಂದ ಶುರು. ತಡವಾಗಿಯಾದರೂ ಬರುತ್ತದೆ. ಕಾಯುತ್ತಿರು."

ಪ್ರತಿ ಸಾಲಿನ ಕೊನೆಯ ಅಕ್ಷರಕ್ಕೂ ಇಲಿಬಾಲದಂಥ ಗೆರೆ. ಆ ಬಾಲವನ್ನು ದಾಫಿನಾ ದಿನವೂ ನೋಡುತ್ತಿದ್ದಳು, ಮನೆಯ ನೆಲಮಾಳಿಗೆಯಲ್ಲಿ, ಉಪ್ಪಿನಕಾಯಿ ಜಾಡಿಗಳ ಚೀಟಿಗಳ ಮೇಲೆ. ಅತ್ತೆಯ ಕೈ.

ದಾಫಿನಾಳ ಎದೆಯ ಮೇಲೆ ಕೂತಿದ್ದ ಏನೋ ಮೆಲ್ಲಗೆ ಎದ್ದುಹೋದ ಹಾಗಾಯಿತು. ಆಮೇಲೆ ನೆನಪಾಯಿತು: ಆರು ಪುಟ. ಜೇಬಿಗೆ ಕೈ ಹಾಕಿದಳು. ಬೂದಿ ಬಣ್ಣದ ಉಂಡೆಗಳು ಬೆರಳಿಗೆ ಸಿಕ್ಕವು. ಯಾರ್ಯಾರ ಯಾವ್ಯಾವ ನೋವೋ, ಹಿಡಿ ರೊಟ್ಟಿಯಾಗಿ ಅವಳ ಜೇಬಿನಲ್ಲಿತ್ತು.

ಪುಸ್ತಕವನ್ನು ಎದೆಗವುಚಿಕೊಂಡು ಮೇಷ್ಟ್ರ ಮುಂದೆ ಹೋಗಿ ನಿಂತಳು.

"ಮೇಷ್ಟ್ರೇ, ಇದು ಜೇನಿನದ್ದಲ್ಲ."

ಮೇಷ್ಟ್ರು ತೆರೆದು ನೋಡಿದರು. ಎರಡು ಪುಟ ಓದಿದರು. ಕಿವಿ ಕೆಂಪಗಾಯಿತು. ಮುಚ್ಚಿದರು.

"ಅಂದ್ರೆ... ಇನ್ನೂರ ಹನ್ನೊಂದು ಸಲ..."

"ಹ್ಞೂಂ."

"ನಾಲ್ಕು ಪುಟ ಭಾಷಣ ಬರೆದೆನಲ್ಲೇ!" ಎಂದು ತಲೆ ಹಿಡಿದುಕೊಂಡರು. ಆಮೇಲೆ, "ಎರಡನೇ ಸ್ಥಾನದಲ್ಲಿರೋದು ಇಸ್ಪೀಟಾಟದ ಪುಸ್ತಕ. ಅದನ್ನ ಕೊಟ್ಟು ಕಳಿಸೋಕಾಗುತ್ತಾ? ಇರ್ಲಿ, ತಾಯಂದಿರ ಪುಸ್ತಕ ಅಂತಲೇ ಕೊಡೋಣ. ಅಂಚೆಲ್ಲ ಒರೆಸಿ ಸರಿಯಾದ ರಟ್ಟು ಹಾಕು" ಎಂದರು.

"ಒರೆಸಲ್ಲ."

ದಾಫಿನಾ ಈ ಕೋಣೆಯಲ್ಲಿ ಯಾವುದಕ್ಕೂ 'ಇಲ್ಲ' ಎಂದವಳಲ್ಲ. ಮೇಷ್ಟ್ರು ಕನ್ನಡಕದ ಮೇಲಿಂದ ನೋಡಿದರು.

"ನೋಡಮ್ಮ, ಗೀಚಿದ ಪುಸ್ತಕ ಕಪಾಟಿನಲ್ಲಿ ಇರಬಾರ್ದು ಅಂತ ನಿಯಮ. ಒರೆಸಲಿಲ್ಲ ಅಂದ್ರೆ ರದ್ದಿಗೆ ಹೋಗುತ್ತೆ. ಅದೂ ಅಲ್ದೆ ಇವೆಲ್ಲ ಜನರ ಒಳಮನೆ ಮಾತು. ನಾಳೆ ಯಾರಾದ್ರೂ ಬಂದು ನಮ್ಮ ಮಾನ ಕಳೆದ್ರಿ ಅಂದ್ರೆ ಯಾರು ಉತ್ತರ ಹೇಳೋದು? ಒಂದು ಮಾತು ಹೇಳ್ತೀನಿ. ಬರೆದವರಲ್ಲಿ ಒಬ್ಬರು, ಒಬ್ಬರೇ ಒಬ್ಬರು, ಬಂದು 'ಇದು ನನ್ನದು, ಇರಲಿ' ಅನ್ನಲಿ. ಇಟ್ಟುಕೊಳ್ಳೋಣ. ಮೊದಲನೇ ತಾರೀಖಿನ ತನಕ ಯಾರೂ ಬರಲಿಲ್ಲ ಅಂದ್ರೆ, ಅದು ರದ್ದಿ."

ಅಂದು ಸಂಜೆ ದಾಫಿನಾ ಬೋನ್ಕ ಅಜ್ಜಿಯ ಮನೆಗೆ ಹೋದಳು. ಅಜ್ಜಿ ಕಿಟಕಿಯ ಬಳಿ ಕೂತು ಅಕ್ರೋಟು ಒಡೆಯುತ್ತಿದ್ದಳು, ಕಣ್ಣು ಕಾಣದಿದ್ದರೂ ಬೆರಳಿಗೆ ಪೆಟ್ಟಾಗದ ಹಾಗೆ.

"ಅಜ್ಜಿ, ಜೇನಿನ ಪುಸ್ತಕ ಸಿಕ್ತು."

ಸುತ್ತಿಗೆ ನಿಂತಿತು. "ತಡ ಮಾಡಿದೆ. ಐದನೇ ತಿಂಗಳಿಗೇ ಬರ್ತಾರೆ ಎಲ್ರೂ."

"ನಂಗೆ ಯಾರೂ ಹೇಳಲಿಲ್ಲ. ನೀವೂ ಹೇಳಲಿಲ್ಲ."

"ಹೇಳೋ ಹಾಗಿಲ್ಲ ಮಗಳೇ. ತಾಯಿ ಮಗಳ ಕಿವೀಲಿ ಒಂದೇ ಮಾತು ಹಾಕ್ತಾಳೆ, ಓದುಮನೇಲಿ ಜೇನಿನ ಪುಸ್ತಕ ಕೇಳು ಅಂತ. ನಿನ್ನ ತಾಯಿ ಇಲ್ಲ, ನಿನ್ನ ಅತ್ತೆ ಹಾಕ್ತಾಳೆ ಅಂದ್ಕೊಂಡೆ." ಅಜ್ಜಿ ಒಂದು ಅಕ್ರೋಟು ಅವಳ ಕೈಗಿಟ್ಟಳು. "ಆ ಪುಸ್ತಕ ಬಂದಾಗ ಯಾರೂ ಮುಟ್ಟಲಿಲ್ಲ, ಹುಟ್ಟೋಕೆ ಮುಂಚೆ ಕೂಸಿನ ಪುಸ್ತಕ ಒಯ್ದ್ರೆ ಕಣ್ಣು ಬೀಳುತ್ತೆ ಅಂತ. ಎರಡು ವರ್ಷ ಧೂಳು ತಿಂತು. ಅಷ್ಟ್ರಲ್ಲಿ ಜೇನಿನ ಪುಸ್ತಕಾನ ಇಲಿ ತಿಂದ್ಬಿಡ್ತು, ರಟ್ಟು ಉಳೀತು. ಹೊಲಿದುಬಿಟ್ಟೆ."

"ಅಂಚಿನಲ್ಲಿ ಮೊದಲು ಬರೆದೋರು ಯಾರು?"

"ನಾನೇ. ಮೊದಲನೇ ಪುಟದಲ್ಲಿ."

"ಅಜ್ಜಿ, ಮೊದಲ ಆರು ಪುಟ... ಓದದೇ ಒರೆಸಿಬಿಟ್ಟೆ. ನೀವು ಹೇಳಿಕೊಟ್ಟ ಹಾಗೆ."

ಅಜ್ಜಿ ಹೊಟ್ಟೆ ಕುಲುಕುವ ಹಾಗೆ ನಕ್ಕಳು. "ಒಳ್ಳೆ ಶಿಷ್ಯೆ! ನಾನು ಬರೆದದ್ದು ಇಷ್ಟೇ: ಈ ಪುಸ್ತಕ ಬರೆದೋರು ಮೂವರೂ ಗಂಡಸರು, ತಪ್ಪು ಕಂಡ್ರೆ ತಿದ್ದಿ. ಮಿಕ್ಕಿದ್ದೆಲ್ಲ ತಾನಾಗಿ ಬಂತು. ಬಸುರಿಗೆ ಕಷ್ಟ ಹೇಳಬಾರ್ದು ಅಂತ ಹಿರಿಯರು ಹೇಳಿದ್ದು ನಿಜ. ಬರೆಯಬಾರ್ದು ಅಂತ ಯಾವ ಹಿರಿಯರೂ ಹೇಳಿಲ್ಲವಲ್ಲ. ಅಳಿಸಿದ್ದಕ್ಕೆ ಅಳಬೇಡ. ಬರೆದೋರೆಲ್ಲ ಸತ್ತಿಲ್ಲ, ಮತ್ತೆ ಬರೀತಾರೆ."

ಬರೆಯುವುದಿರಲಿ, ಒಪ್ಪಿಕೊಳ್ಳಲೂ ಯಾರೂ ಸಿಗಲಿಲ್ಲ. ಎರಡು ದಿನ ದಾಫಿನಾ ಮನೆ ಮನೆ ಹತ್ತಿ ಇಳಿದಳು. ಬೇಕರಿಯ ಹೆಂಗಸು "ಜೇನಾ? ನಮ್ಮನೇಲಿ ಸಕ್ಕರೇನೇ ತಿನ್ನೋದು" ಎಂದಳು. ಅಂಚೆ ಕಚೇರಿಯವಳು "ಇಂಥ ಹೊಟ್ಟೆ ಹೊತ್ಕೊಂಡು ಬೀದಿ ಅಲೀತೀಯಲ್ಲ, ಹೋಗು, ಕಾಲು ಮೇಲಿಟ್ಟು ಮಲಕ್ಕೋ" ಎಂದು ಬೈದು, ಒಂದು ಸೇಬು ಕೊಟ್ಟು ಕಳಿಸಿದಳು. ಬಸುರಿಯ ಎದುರು ಅವರು ಬಾಯಿ ಬಿಡುವ ಹಾಗಿರಲಿಲ್ಲ. ಕೇಳುವವಳು ಬಸುರಿಯೇ ಆಗಿದ್ದಳು.

ಒಂದು ಕೈ ಯಾರದೆಂದು ಅವಳಿಗೆ ಗೊತ್ತಿತ್ತು. ಹೆಸರು ಹೇಳಿದರೆ ಮೇಷ್ಟ್ರು ನಂಬುತ್ತಿದ್ದರು. ಅವಳು ಹೇಳಲಿಲ್ಲ. ಅದು ಅವಳು ಹೇಳುವ ಮಾತಲ್ಲ.

ಹಬ್ಬದ ಹಿಂದಿನ ದಿನ ಅತ್ತೆ ಅಂಗಳದಲ್ಲಿ ಕೆಂಪು ದೊಣ್ಣೆಮೆಣಸಿನಕಾಯಿ ಸುಡುತ್ತಿದ್ದಳು. ಓಣಿಯ ಎಲ್ಲ ಅಂಗಳದಿಂದಲೂ ಅದೇ ಹೊಗೆ, ಅದೇ ಸಿಹಿ ಸುಟ್ಟ ವಾಸನೆ. ದಾಫಿನಾ ಪಕ್ಕದಲ್ಲಿ ಕೂತು ಸುಟ್ಟ ಸಿಪ್ಪೆ ಸುಲಿಯುತ್ತಿದ್ದಳು. ಕೈ ಒರೆಸಿಕೊಳ್ಳಲು ಮುಂಗವಚ ಎತ್ತಿದಾಗ ಜೇಬಿನಿಂದ ಉಂಡೆಗಳು ಉದುರಿದವು. ಗುಬ್ಬಿಗಳಿಗೆ ಹಾಕಲು ಅವಳಿಗೆ ಮನಸ್ಸೇ ಬಂದಿರಲಿಲ್ಲ.

ಅತ್ತೆ ಒಂದನ್ನು ಎತ್ತಿಕೊಂಡಳು. "ಏನಿದು, ಬೂದಿ ರೊಟ್ಟಿ?"

"ಪುಸ್ತಕ ಒರೆಸಿದ್ದು, ಅತ್ತೆ." ದಾಫಿನಾ ಕಣ್ಣೆತ್ತಲಿಲ್ಲ. "ಜೇನಿನ ಪುಸ್ತಕ."

ನೋನಾ ಇಕ್ಕಳದಲ್ಲಿ ಹಿಡಿದಿದ್ದ ಮೆಣಸಿನಕಾಯಿ ಒಂದೇ ಕಡೆ ಕರಕಲಾಗುತ್ತಿತ್ತು.

"ಎಷ್ಟು ಒರೆಸಿದೆ?"

"ಆರು ಪುಟ."

"ಎಲ್ಲಿಯ ತನಕ ಓದಿದೆ?"

ದಾಫಿನಾ ಸಿಪ್ಪೆಯನ್ನು ಬೆರಳಲ್ಲಿ ಹೊಸಕಿದಳು. "ಸೀನಿದ್ದರ ತನಕ."

ಹೊಗೆ ಬಂತೋ ಏನೋ, ಅತ್ತೆ ಮುಖ ತಿರುಗಿಸಿಕೊಂಡಳು. "ಆ ಜಾಡಿ ಇತ್ತ ಕೊಡು" ಎಂದಳಷ್ಟೇ. ರಾತ್ರಿ ಊಟಕ್ಕೂ ಮಾತಿಲ್ಲ. ಗಂಡ ಮೊಮ್ಚಿಲ್ ಇಬ್ಬರ ಮುಖವನ್ನೂ ನೋಡಿ, "ಮೆಣಸಿನಕಾಯಿ ಜಾಸ್ತಿ ಖಾರ ಇತ್ತಾ?" ಎಂದ. ಯಾರೂ ನಗಲಿಲ್ಲ. ಇದ್ದೊಬ್ಬ ಅತ್ತೆಯನ್ನೂ ಕಳೆದುಕೊಂಡೆ ಎಂದುಕೊಂಡಳು ದಾಫಿನಾ.

ನವೆಂಬರ್ ಒಂದರಂದು ಓದುಮನೆಯ ಸಭಾಂಗಣ ತುಂಬಿತ್ತು. ಜಿಲ್ಲೆಯಿಂದ ಬಂದ ಕಾಮೆಲಿಯಾ ಎಂಬ ಅಧಿಕಾರಿಗೆ ಬಾಗಿಲಲ್ಲೇ ರೊಟ್ಟಿ, ಉಪ್ಪು ಕೊಟ್ಟು ಬರಮಾಡಿಕೊಂಡರು. ಶಾಲೆಯ ಮಕ್ಕಳು ಹಾಡಿದರು. ಗೋಡೆಯ ಮೇಲೆ ಗಡ್ಡದ ಹಿರಿಯರ ಪಟಗಳಿಗೆ ಹೂವಿನ ದಂಡೆ ಹಾಕಿತ್ತು. ಬೋನ್ಕ ಅಜ್ಜಿಯನ್ನೂ ಯಾರೋ ಕೈಹಿಡಿದು ಕರೆತಂದು ಮುಂದಿನ ಸಾಲಿನಲ್ಲಿ ಕೂರಿಸಿದ್ದರು. ಮೇಜಿನ ಮೇಲೆ ಜೇನಿನ ರಟ್ಟಿನ ಪುಸ್ತಕ, ಅದರ ಪಕ್ಕ ಒಂದು ಪೆನ್ಸಿಲ್. ಮೇಜಿನ ಕೆಳಗೆ, ರದ್ದಿಗೆ ಹೋಗುವ ಹಳೆ ಪತ್ರಿಕೆಗಳ ಕಟ್ಟು.

ಮೇಷ್ಟ್ರು ಎದ್ದರು. ಕೆಮ್ಮಿದರು. "ನಮ್ಮೂರಿನ ಅಚ್ಚುಮೆಚ್ಚಿನ ಪುಸ್ತಕದ ವಿಷಯ... ದಾಫಿನಾ ಹೇಳ್ತಾಳೆ" ಎಂದು ಕೂತುಬಿಟ್ಟರು.

ದಾಫಿನಾ ಎದ್ದು ನಿಂತಳು. ಎದುರಿಗೆ ಇಡೀ ಊರಿನ ಮುಖ. ಶಾಲೆಯಲ್ಲಿ ಹೀಗೇ ನಿಲ್ಲಿಸಿದಾಗ ಅವಳಿಗೆ ಮಾತು ಹೊರಡುತ್ತಿರಲಿಲ್ಲ, ಬೆನ್ನ ಹಿಂದೆ ಹುಡುಗಿಯರು ನಗುತ್ತಿದ್ದರು. ಈಗ ಮೇಜಿನ ಅಂಚು ಹಿಡಿದುಕೊಂಡಳು.

"ಈ ಪುಸ್ತಕ ಜೇನಿನದ್ದಲ್ಲ" ಎಂದಳು. "ನಿಮಗೆಲ್ಲ ಗೊತ್ತು. ನಂಗೆ ಗೊತ್ತಿರಲಿಲ್ಲ."

ಹೆಂಗಸರ ಸಾಲುಗಳಲ್ಲಿ ಒಂದೂ ಕುರ್ಚಿ ಕಿರುಗುಟ್ಟಲಿಲ್ಲ.

"ಇದ್ರಲ್ಲಿ ಅಚ್ಚಾಗಿರೋದೆಲ್ಲ ಸಿಹಿ. ಅಂಚಿನಲ್ಲಿರೋದು ನಿಜ. ಅಂಚು ಓದಿದ ಮೇಲೇ ನಂಗೆ ರಾತ್ರಿ ನಿದ್ದೆ ಬರ್ತಿರೋದು. ನಾನು ಓದದೇ ಆರು ಪುಟ ಅಳಿಸಿಬಿಟ್ಟೆ. ತಪ್ಪು ನಂದು. ಯಾರದ್ದೋ ಗೊತ್ತಿಲ್ಲ, ಕ್ಷಮಿಸಿ. ಬರೆದೋರಲ್ಲಿ ಒಬ್ಬರಾದ್ರೂ 'ಇದು ನನ್ನದು' ಅಂದ್ರೆ ಪುಸ್ತಕ ಉಳಿಯುತ್ತೆ. ಇಲ್ಲಾಂದ್ರೆ ಇವತ್ತು ರದ್ದಿಗೆ ಹೋಗುತ್ತೆ. ನನ್ನ ಹಿಂದೆ ಬರೋಳಿಗೆ ಏನೂ ಸಿಗಲ್ಲ." ಪುಸ್ತಕವನ್ನು ಸಭೆಯ ಕಡೆಗೆ ತಿರುಗಿಸಿಟ್ಟಳು. "ಪೆನ್ಸಿಲ್ ಇಲ್ಲಿದೆ" ಎಂದಳು.

ಬೇಕರಿಯವಳು ಮಡಿಲು ನೋಡಿಕೊಂಡಳು. ಅಂಚೆಯವಳು ಚೀಲದ ಗುಂಡಿ ಹಾಕಿ ತೆಗೆದು ಮಾಡಿದಳು. ಕಾಮೆಲಿಯಾ ಮೇಷ್ಟ್ರ ಕಡೆ ನೋಡಿದರು, ಮೇಷ್ಟ್ರು ಛಾವಣಿ ನೋಡಿದರು.

ಹಿಂದಿನ ಸಾಲಿನಲ್ಲಿ ಕುರ್ಚಿಯೊಂದು ಸರಿಯಿತು.

ನೋನಾ ಹಬ್ಬದ ಕೋಟು ಹಾಕಿಕೊಂಡಿದ್ದಳು. ಜನರ ಮೊಣಕಾಲುಗಳನ್ನು ತಳ್ಳಿಕೊಂಡು, ಯಾರ ಮುಖವನ್ನೂ ನೋಡದೆ, ನೆಟ್ಟಗೆ ಮೇಜಿನ ತನಕ ಬಂದಳು. ಪುಸ್ತಕ ತೆಗೆದುಕೊಂಡಳು. ಹುಡುಕಬೇಕಾಗಿರಲಿಲ್ಲ, ನಲವತ್ತನೇ ಪುಟ ಅವಳ ಕೈಗೆ ತಾನೇ ತೆರೆದುಕೊಂಡಿತು.

"ಇದು ನನ್ನದು" ಎಂದಳು.

ಸೊಸೆಯ ಹೊಟ್ಟೆಯನ್ನು ಒಮ್ಮೆ ನೋಡಿ, ಬೆನ್ನು ತಿರುಗಿಸಿ, ಗೋಡೆಯ ಮೇಲಿನ ಗಡ್ಡದ ಹಿರಿಯನಿಗೆ ಎದುರಾಗಿ ನಿಂತಳು. "ನಾನು ಬಸುರಿಗೆ ಹೇಳ್ತಾ ಇಲ್ಲ. ಎಲ್ರೂ ಸಾಕ್ಷಿ. ನಾನು ಈ ಅಜ್ಜನಿಗೆ ಹೇಳ್ತಿದ್ದೀನಿ. ಕೇಳಿಸಿಕೊಳ್ಳೋರು ಕೇಳಿಸಿಕೊಳ್ಳಿ."

ಆಮೇಲೆ ಓದಿದಳು. ಕಲ್ಲಿನ ಹಾಗೆ ಕೂತಿದ್ದನ್ನು ಓದಿದಳು. ಪಾಪಿ ಅಂದುಕೊಂಡದ್ದನ್ನು ಓದುವಾಗ ದನಿ ಒಡೆಯಿತು. ಗಂಟಲು ಸರಿಮಾಡಿಕೊಂಡು ಅದೇ ಸಾಲನ್ನು ಇನ್ನೊಮ್ಮೆ, ಮೊದಲಿಗಿಂತ ಗಟ್ಟಿಯಾಗಿ ಓದಿದಳು. ಸೀನಿದ್ದನ್ನು ಓದಿದಳು. ಪುಸ್ತಕ ಮುಚ್ಚಿದಳು.

"ಇಷ್ಟು ವರ್ಷ ಒಂದು ಕೈಯಲ್ಲಿ ಸಾಕಿದೆ ಅಂತ ಜಂಬ ಕೊಚ್ಚಿದ್ನಲ್ಲ, ಸುಳ್ಳು. ಎರಡು ಕೈಯೂ ಸಾಲಲಿಲ್ಲ. ಸೊಸೆಗೆ ಈ ಪುಸ್ತಕ ಯಾಕೆ ಹೇಳಲಿಲ್ಲ ಅಂದ್ರೆ, ಇದು ನನ್ನ ಮಗನ ಕಿವಿಗೆ ಬೀಳುತ್ತೆ ಅನ್ನೋ ಹೆದರಿಕೆ. ಬಿತ್ತಲ್ಲ ಈಗ."

ಎಲ್ಲರೂ ಮೊಮ್ಚಿಲ್ ಕಡೆ ತಿರುಗಿದರು. ಬಾಗಿಲ ಬಳಿ ನಿಂತಿದ್ದ ಆ ಆರಡಿ ಆಳು ಟೊಪ್ಪಿಗೆ ಹಿಸುಕುತ್ತ, "ಅಮ್ಮಾ, ಅವತ್ತು ಸೀನದೇ ಇದ್ದಿದ್ರೆ?" ಎಂದ.

"ಕಾಯ್ತಿದ್ದೆ ಕಣೋ" ಎಂದಳು ನೋನಾ. "ಸೀನೋ ತನಕ ಕಾಯ್ತಿದ್ದೆ."

ಯಾರೋ ಜೋರಾಗಿ ಸೀನಿದರು, ಬೇಕೆಂದೇ. ಸಭಾಂಗಣಕ್ಕೆ ಸಭಾಂಗಣವೇ ನಗುವಿನಲ್ಲಿ ಒಡೆದುಹೋಯಿತು. ಆ ನಗುವಿನ ನಡುವೆಯೇ ಬೇಕರಿಯವಳು ಎದ್ದಳು. "ಎಲೆಕೋಸು ನನ್ನದು. ಮೊದಲು ಬರೆದದ್ದು ನಾನು, ಆಮೇಲಿನವರೆಲ್ಲ ಬರೀ ಹೌದು ಹೌದು ಅಂದೋರು."

"ನಾನೇನು ಬರೀ ಹೌದು ಅಂದೆನಾ?" ಎಂದು ಅಂಚೆಯವಳು ಎದ್ದಳು. "ಗೇಟಿನ ತನಕ ಹೋದೋಳು ನಾನು!"

"ನನ್ನದು ಮೂರನೇ ಪುಟದಲ್ಲಿತ್ತು, ಅಳಿಸಿಹೋಗಿದೆ. ಪರವಾಗಿಲ್ಲ, ಈಗ ಇನ್ನೂ ಚೆನ್ನಾಗಿ ಬರೀತೀನಿ. ಆಗ ಅತ್ತೆ ಬದುಕಿದ್ರು, ಹೆದರಿಕೊಂಡು ಬರೆದಿದ್ದೆ" ಎಂದಳು ಇನ್ನೊಬ್ಬಳು.

ಮೇಜಿನ ಮುಂದೆ ಸಾಲು ಹತ್ತಿತು. ಒಂದು ಪೆನ್ಸಿಲ್ ಸಾಲದೆ ಶಾಲೆಯ ಮಕ್ಕಳ ಚೀಲಗಳಿಂದ ಇನ್ನಷ್ಟು ಬಂದವು. ಬೋನ್ಕ ಅಜ್ಜಿ ಹೇಳಿದ ಹಾಗೆ ದಾಫಿನಾ ಮೊದಲ ಪುಟದಲ್ಲಿ ಬರೆದಳು: ತಪ್ಪು ಕಂಡರೆ ತಿದ್ದಿ. ಸಾಲಿನ ತುದಿಯಲ್ಲಿ, ಕಿವಿ ಕೆಂಪಗೆ ಮಾಡಿಕೊಂಡು, ಪ್ರೊದಾನ್ ಮೇಷ್ಟ್ರೂ ನಿಂತಿದ್ದರು.

"ನೀವ್ಯಾಕೆ ಮೇಷ್ಟ್ರೇ?"

"ಗಂಡಸರ ಭಯಕ್ಕೆ ಪುಸ್ತಕ ಇಲ್ಲವಾ ಅಂತ ಯಾರೋ ಕೇಳಿದ್ರಲ್ಲ" ಎಂದು ತಗ್ಗಿದ ದನಿಯಲ್ಲಿ ಹೇಳಿದರು. "ನಂಗೂ ಇಬ್ಬರು ಹೆಣ್ಣುಮಕ್ಕಳು. ಉತ್ತರ ಬರೀಬೇಕು."

ಎಲ್ಲ ಮುಗಿಯುವ ಹೊತ್ತಿಗೆ ಕಾಮೆಲಿಯಾ ಪುಸ್ತಕದ ಮುಂದೆ ಕೂತು ಅರ್ಧ ಗಂಟೆಯಾಗಿತ್ತು. "ಗೀಚಿದ ಪುಸ್ತಕ ಕೊಡಬೇಡಿ ಅಂತ ಕಾಗದ ಬರೆದೋಳು ನಾನೇ" ಎಂದರು. "ಹೀಗೇ ಕೊಡಿ, ಒಯ್ತೀನಿ. ಗಾಜಿನ ಪೆಟ್ಟಿಗೇಲಿ ಎಲ್ಲರಿಗಿಂತ ಮುಂದೆ ಇಡ್ತೀನಿ."

ಮೇಷ್ಟ್ರ ಮುಖ ಅರಳಿತು. ದಾಫಿನಾ ಪುಸ್ತಕವನ್ನು ತನ್ನ ಕಡೆ ಎಳೆದುಕೊಂಡಳು.

"ಕೊಡಲ್ಲ ಅಮ್ಮ. ಗಾಜಿನೊಳಗೆ ಇಟ್ರೆ ಬರೆಯೋದು ಹೇಗೆ? ಬೇಕಾದ್ರೆ ಒಂದೊಂದೇ ಪುಟದ ಪಟ ತೆಕ್ಕೊಳ್ಳಿ, ಬರೆದೋರು ಒಪ್ಪಿದ್ರೆ. ಪುಸ್ತಕ ಎರವಲು ಹೋಗಿದೆ."

"ಯಾರಿಗೆ?"

"ನನಗೆ."

ಮೇಷ್ಟ್ರು ರಿಜಿಸ್ಟರ್ ತೆರೆದರು. ಇನ್ನೂರ ಹನ್ನೆರಡನೆಯ ಸಲ. ದಾಫಿನಾಳ ಹೆಸರು ಬರೆದು, ಪುಸ್ತಕದ ಹೆಸರು ಬರೆಯುವ ಜಾಗದಲ್ಲಿ ಪೆನ್ನು ನಿಲ್ಲಿಸಿ ನೋನಾಳತ್ತ ನೋಡಿದರು. ನೋನಾ ಆಗಲಿ ಎಂದು, ಆ ಕಡೆಯ ರೂಢಿಯಂತೆ, ತಲೆಯನ್ನು ಅತ್ತಿಂದಿತ್ತ ಆಡಿಸಿದಳು. ಮೇಷ್ಟ್ರು ಮೂವತ್ತೆಂಟು ವರ್ಷದಲ್ಲಿ ಮೊದಲ ಸಲ 'ತಾಯಂದಿರ ಪುಸ್ತಕ' ಎಂದು ಬರೆದರು.

ಹೆಣ್ಣು ಮಗು ಹುಟ್ಟಿತು. ನಲವತ್ತು ದಿನ ಬಾಣಂತಿ ಹೊಸ್ತಿಲು ದಾಟುವಂತಿರಲಿಲ್ಲ. ದಾಟುವ ದಿನ ಚರ್ಚಿನಿಂದ ನೇರವಾಗಿ, ಹಿಮದಲ್ಲಿ ಹೆಜ್ಜೆ ಊರುತ್ತ, ಕೂಸನ್ನು ಹೊತ್ತ ಅತ್ತೆಯ ಜೊತೆ ದಾಫಿನಾ ಓದುಮನೆಗೆ ಬಂದಳು. ಬಾಗಿಲಲ್ಲೇ ಯಾರದೋ ಮನೆಯ ಹೊಸ ಸೊಸೆ ಕಾಯುತ್ತಿದ್ದಳು, ನಾಲ್ಕೋ ಐದೋ ತಿಂಗಳ ಬಸುರಿ. ಅತ್ತಿತ್ತ ನೋಡಲಿಲ್ಲ, ದನಿ ತಗ್ಗಿಸಲಿಲ್ಲ. "ತಾಯಂದಿರ ಪುಸ್ತಕ ವಾಪಸ್ಸು ಬಂತಾ ಅಕ್ಕಾ?" ಎಂದಳು.

"ಒಂದು ನಿಮಿಷ ತಾಳು" ಎಂದು ದಾಫಿನಾ ಕೂತು ನಲವತ್ತನೇ ಪುಟ ತೆರೆದಳು. ಅತ್ತೆಯ ಸಾಲುಗಳ ಕೆಳಗೆ ಬರೆದಳು:

"ನನಗೆ ಮೊದಲನೇ ದಿನವೇ ಬಂತು. ಮೂರನೇ ದಿನ ಹೋಯಿತು. ಹನ್ನೊಂದನೇ ದಿನ ಮತ್ತೆ ಬಂತು, ಈಗ ಇಲ್ಲೇ ಇದೆ. ಹೋದರೆ ಹೆದರಬೇಡ. ದಾರಿ ಅದಕ್ಕೆ ಗೊತ್ತು."

ನೋನಾ ಕೂಸನ್ನು ಒಂದು ತೋಳಿಗೆ ದಾಟಿಸಿಕೊಂಡು, "ಇಲ್ಲಿ ಕೊಡು ಪೆನ್ಸಿಲ್" ಎಂದಳು. ಹಿಂದಕ್ಕೆ ತಿರುವಿ ಏಳನೇ ಪುಟ ಹುಡುಕಿದಳು. ಈ ಚಳಿಗಾಲದಲ್ಲಿ ಯಾರ ತೋಟದಿಂದ ತರಲಿ ಎಂದು ಯಾರೋ ಎಂದೋ ಕೇಳಿದ್ದ ಪ್ರಶ್ನೆಯ ಕೆಳಗೆ, ಇಲಿಬಾಲದ ಅಕ್ಷರದಲ್ಲಿ ಬರೆದಳು:

"ನಮ್ಮ ತೋಟದಿಂದ. ಹಸಿರು ಗೇಟು. ಯಾವ ಹೊತ್ತಿನಲ್ಲಾದರೂ ಬಾ."